ಹೂಂ ಅಂದದ್ದು ಯಾರು

ಬೇವೂರಿನ ಹುಲಗೆಮ್ಮನಿಗೆ ಇಬ್ಬರು ಗಂಡಂದಿರು ಎಂದು ಓಣಿಯ ಹೆಂಗಸರು ಬೆನ್ನ ಹಿಂದೆ ನಗುತ್ತಿದ್ದರು. ಒಬ್ಬ ಮನೆಯಲ್ಲಿ ಉಂಡು ಮಲಗುವ ದ್ಯಾವಪ್ಪ. ಇನ್ನೊಬ್ಬ ಹಾಳೂರಿನ ಗಾಯರಾಣದಲ್ಲಿ ಕೂತು ಹೂಂ ಅನ್ನುವವನು. ಮೊದಲನೆಯವನಿಗೆ ಮೈಯಿತ್ತು, ಮಾತಿರಲಿಲ್ಲ. ಎರಡನೆಯವನಿಗೆ ದನಿಯಿತ್ತು, ಮೈ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಗುವವರಿಗೆ ನಗೆ. ಹುಲಗೆಮ್ಮನ ಪಾಡು ಆಕೆಗೇ ಗೊತ್ತು.

ಆಕೆ ಹುಟ್ಟಿದ್ದು ಗಂಗಾವತಿ ಕಡೆ, ಕಾಲುವೆಯ ಕೆಳಗಿನ ಊರಿನಲ್ಲಿ. ಅಲ್ಲಿ ನೆಲ ಎಂದರೆ ನೀರು, ನೀರು ಎಂದರೆ ಸದ್ದು. ಕಪ್ಪೆ ವಟಗುಟ್ಟುತ್ತಿರಬೇಕು, ತೂಬು ಗುಳುಗುಳು ಅನ್ನುತ್ತಿರಬೇಕು, ನಾಟಿ ಹಚ್ಚುವ ಹೆಂಗಸರು ಒಂದೇ ಸಮನೆ ಹಾಡುತ್ತಿರಬೇಕು. ಎಪ್ಪತ್ತೆರಡರ ಬೇಸಿಗೆಯಲ್ಲಿ ಆಕೆಯನ್ನು ಬೇವೂರಿಗೆ ಕೊಟ್ಟರು. ಇಲ್ಲಿಯದು ಎರೆಭೂಮಿ. ಕರಿ ಕಂಬಳಿ ಹಾಸಿದ ಹಾಗೆ ಮುಗಿಲಿನ ಅಂಚಿನವರೆಗೂ ಒಂದೇ ಸಪಾಟು. ಗಿಡ ಅಪರೂಪ, ಸದ್ದು ಇನ್ನೂ ಅಪರೂಪ. ಹೊಸ ಸೊಸೆ ಅಂಗಳದಲ್ಲಿ ನಿಂತು, "ಇಲ್ಲಿ ಏನೂ ಕೇಳಸೂದ ಇಲ್ಲಲ್ಲಬೇ ಅತ್ತಿ" ಎಂದರೆ, ಅತ್ತೆ ಮಾರೆವ್ವ, "ಕೇಳಸದಿದ್ರ ಛಲೋ ಆತು. ಕೇಳಿಸಿದ್ರ ಕೆಲಸ ಕೆಡತಾವು" ಎಂದಿದ್ದಳಂತೆ.

ಕೇಳಿಸಿಯೇಬಿಟ್ಟಿತು, ಅದೇ ವರ್ಷದ ಆರಿದ್ರಿ ಮಳೆಯಲ್ಲಿ.

ದ್ಯಾವಪ್ಪ ಹಾಳೂರು ಹೊಲದಲ್ಲಿ ಹೆಸರಿನ ಬೆಳೆಗೆ ಎಡೆ ಹೊಡೆಯಲು ಹೋಗಿದ್ದ. ಎಂದೋ ಜನ ಬಿಟ್ಟುಹೋದ ಊರಿನ ಕುರುಹು ಅಲ್ಲಿತ್ತು: ಒಂದಿಷ್ಟು ಗೋಡೆ, ಒಂದು ಮುರಿದ ಕಟ್ಟೆ. ಅದರ ಸುತ್ತ ದನ ಮೇಯುವ ಗಾಯರಾಣ, ಮೊಣಕಾಲೆತ್ತರದ ಹುಲ್ಲು. ಹೊತ್ತು ಇಳಿದರೂ ಗಂಡ ಬರಲಿಲ್ಲವೆಂದು ಹುಲಗೆಮ್ಮ ಕರೆಯಲು ಹೋದಳು. ಬದುವಿನ ಮೇಲೆ ನಿಂತಳು. ಗಂಡನ ಹೆಸರು ಹಿಡಿದು ಕೂಗುವಂತಿಲ್ಲವಲ್ಲ?

"ಏನ್ರೀ... ಅದೀರೇನು?"

ಹುಲ್ಲಿನ ಆಚೆಯಿಂದ ಬಂತು: "ಹೂಂ."

"ಹೊತ್ತಾತು, ಮನಿಗೆ ಬರ್ರಿ."

"ಹೂಂ."

"ಎತ್ತು ಎಲ್ಲಿ ಬಿಟ್ಟೀರಿ?"

"ಹೂಂ."

ಬೇರೆ ಯಾವ ಹೆಂಗಸಾದರೂ ಇಲ್ಲಿ ಅನುಮಾನ ಪಡುತ್ತಿದ್ದಳು. ಎತ್ತು ಎಲ್ಲಿ ಎಂದರೆ ಹೂಂ ಎಂಬ ಉತ್ತರವೇ? ಆದರೆ ದ್ಯಾವಪ್ಪನ ಹೆಂಡತಿಗೆ ಅನುಮಾನ ಬರಲಿಲ್ಲ. ಆತ ಊಟಕ್ಕೂ ಹೂಂ, ಕೆಲಸಕ್ಕೂ ಹೂಂ, ಮದುವೆಗೆ ಹುಡುಗಿ ಒಪ್ಪಿಗೆಯೋ ಎಂದು ಕೇಳಿದಾಗಲೂ ಹೂಂ ಅಂದವನೇ. ಹುಲಗೆಮ್ಮ ಒಳಗೊಳಗೇ ನಗುತ್ತ, ದನಿ ಬಂದ ಕಡೆ ನಡೆದಳು. ಕಟ್ಟೆಯ ಹತ್ತಿರ ಹೋದರೆ ಯಾರೂ ಇಲ್ಲ. ಮತ್ತೆ ಬಂತು ಹೂಂ. ಈ ಸಲ ಎಷ್ಟು ಹತ್ತಿರ ಎಂದರೆ ಎದೆಯೊಳಗೇ ಯಾರೋ ಗುದ್ದಿದ ಹಾಗೆ.

ಓಡಿದಳು. ಮನೆಯ ಮುಂದೆ ದ್ಯಾವಪ್ಪ ಕಾಲು ತೊಳೆದುಕೊಳ್ಳುತ್ತಿದ್ದ. ಹಳ್ಳದ ದಾರಿ ಹಿಡಿದು ಆಗಲೇ ಬಂದಿದ್ದ.

"ನೀವು... ಹೊಲದಾಗ... ಹೂಂ ಅಂದವರು..." ಎನ್ನುತ್ತ ಆಕೆ ಅಲ್ಲೇ ಕುಸಿದಳು.

ಮಾರೆವ್ವನಿಗೆ ಲೆಕ್ಕ ಕೂಡಲೇ ಹತ್ತಿತು. "ಹಾಳೂರಿನ ಭೂತ ನನ್ನ ಮಗನ ದನಿ ಕದ್ದೇತಿ. ಮೂರು ಸಲ ಮಾತಾಡಿಸ್ಯಾಳ ಇಕಿ, ಬಡಕೊಂಡಬಿಡ್ತು." ಬೂದಿ ಹಚ್ಚಿದರು, ನಿಂಬೆಹಣ್ಣು ಇಳಿಸಿದರು, ತೋಳಿಗೆ ತಾಯತ ಕಟ್ಟಿದರು. ಪಕ್ಕದ ಮನೆಯ ಜುಬೇದಾಬೀಗೆ ಅದು ಸಾಲದೆನಿಸಿತು. ದರ್ಗಾಕ್ಕೆ ಕರೆದೊಯ್ದು ಇನ್ನೊಂದು ಕಟ್ಟಿಸಿದಳು. "ಎಡಕ್ಕ ನಿಮ್ಮದು, ಬಲಕ್ಕ ನಮ್ಮದು. ಎರಡೂ ಕಡೆ ಅಗಳಿ ಹಾಕಿದಂಗಾತು ನೋಡಕ್ಕ" ಎಂದು ಸಮಾಧಾನ ಹೇಳಿದಳು.

ಅಗಳಿ ಬಿದ್ದದ್ದು ಭೂತಕ್ಕಲ್ಲ, ಹುಲಗೆಮ್ಮನಿಗೆ. ಹಾಳೂರು ಹೊಲದ ಕಡೆ ತಲೆ ಹಾಕಕೂಡದು. ಹೊತ್ತು ಇಳಿದ ಮೇಲೆ ಹೊಸಿಲು ದಾಟಕೂಡದು. ಬಾಣಂತಿಯರಿದ್ದ ಮನೆಯವರು ಆಕೆ ಬಂದರೆ ಬಾಗಿಲು ಅರ್ಧ ಮುಂದೆ ಮಾಡುತ್ತಿದ್ದರು. ಮುಂಗಾರು ಬಂತೆಂದರೆ, ಪಡುವಣ ಗಾಳಿ ಬೀಸಿದ ಕೆಲವು ನಸುಕುಗಳಲ್ಲಿ, ಅಂಗಳ ಗುಡಿಸುವಾಗ ಆಕೆಗೆ ಆ ದನಿ ಕೇಳುತ್ತಿತ್ತು. "ಅತ್ತಿ, ನಿಮಗ ಕೇಳಿಸ್ತೇನು?" ಎಂದರೆ, "ನನಗ್ಯಾಕ ಕೇಳಸತೈತಿ, ನನಗೇನು ಬಡದೈತೇನು?" ಎಂದು ಮಾರೆವ್ವ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕಿವಿ ಮುಚ್ಚಿಕೊಂಡವರಿಗೆ ಹೇಗೆ ಕೇಳೀತು?

ಹೀಗೆ ವರ್ಷಗಳು ಉರುಳಿ ಹುಲಗೆಮ್ಮನಿಗೆ ತನ್ನ ಕಿವಿಯ ಮೇಲಿನ ನಂಬಿಕೆಯೇ ಹೋಯಿತು. ದ್ಯಾವಪ್ಪ ಎದುರಿಗೇ ಕೂತು ಹೂಂ ಅಂದರೂ ಆಕೆ ಕೈ ಚಾಚಿ ಅವನ ತೋಳನ್ನು ಒಮ್ಮೆ ಮುಟ್ಟುತ್ತಿದ್ದಳು. ಮೈ ಇದೆಯೋ, ಬರೀ ದನಿಯೋ? ಅವನು ಏನೂ ಕೇಳುತ್ತಿರಲಿಲ್ಲ. ಮುಟ್ಟಿಸಿಕೊಂಡು ಮತ್ತೆ ರೊಟ್ಟಿ ಮುರಿಯುತ್ತಿದ್ದ.

ಎಂಬತ್ತಮೂರರ ಚಳಿಗಾಲ. ಬಿಳಿಜೋಳ ತೆನೆ ಹಿರಿಯುವ ಹೊತ್ತು. ಧಾರವಾಡದ ಕಾಲೇಜಿನ ಮಾಸ್ತರರೊಬ್ಬರು ಕೆಂಪು ಬಸ್ಸಿನಿಂದ ಇಳಿದರು. ಕೊರಳಲ್ಲಿ ದುರ್ಬೀನು, ಕಾಲಲ್ಲಿ ಮೂರು ತಾಲೂಕಿನ ಧೂಳು. ಚಹದಂಗಡಿಯ ಮುಂದೆ ಕೂತವರನ್ನು ಅವರು ಕೇಳಿದ್ದು ಒಂದೇ ಮಾತು: "ನಿಮ್ಮೂರಾಗ ಎರಿಭೂತ ಯಾರಾದ್ರೂ ನೋಡೀರೇನ್ರಿ?"

ಕೂತವರು ಮುಖ ಮುಖ ನೋಡಿಕೊಂಡರು. ಒಬ್ಬ ಕಪ್ಪು ಕೆಳಗಿಟ್ಟು, "ನಮಗೇನೂ ಬಡದಿಲ್ರಿ. ದ್ಯಾವಪ್ಪನ ಹೇಣ್ತಿಗೆ ಬಡದೈತ್ರಿ. ಆ ಬೇವಿನ ಗಿಡದ ಮನಿ ನೋಡ್ರಿ" ಎಂದು ಕೈ ತೋರಿಸಿದ.

ಮಾಸ್ತರರು ಬಾಗಿಲಿಗೆ ಬಂದಾಗ ಮಾರೆವ್ವ ಕಸಬರಿಗೆ ಕಟ್ಟುತ್ತಿದ್ದಳು. ಹುಲಗೆಮ್ಮ ಒಳಗೆ ಒಲೆಯ ಮುಂದೆ.

"ಅವ್ವಾರ, ನಿಮ್ಮ ಸೊಸಿ ಎರಿಭೂತ ನೋಡ್ಯಾರಂತಲ್ರಿ?"

"ನೋಡಿಲ್ಲಪ್ಪ, ಕೇಳ್ಯಾಳ. ನೀ ಯಾ ಊರ ಮಂತ್ರದಾಂವ? ಬಿಡಸಾಕ ಕೋಳಿ ಬೇಕೋ, ಬರೇ ನಿಂಬಿಹಣ್ಣು ಸಾಕೋ?"

"ಬಿಡಸಾಕ ಬಂದಿಲ್ರಿ," ಎಂದರು ಮಾಸ್ತರರು, "ಉಳಸಾಕ ಬಂದೀನಿ."

ಮಾರೆವ್ವ ಕಸಬರಿಗೆ ಹಿಡಿದೇ ಎದ್ದು ನಿಂತಳು. "ಏನಂದಿ? ಉಳಸಾಕ? ನನ್ನ ಸೊಸಿ ಮೈಯಾಗ ಭೂತ ಉಳಸಾಕ ಧಾರವಾಡದಿಂದ ಬಸ್ ಹತ್ತಿ ಬಂದೀ? ಇಳಿ ಕಟ್ಟಿ, ಇಳೀ ಮೊದಲ!"

ನಡುಗೋಡೆಯ ಮೇಲಿಂದ ಇಣುಕಿದ ಜುಬೇದಾಬೀ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡಳು. ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದು, ಚೀಲದಿಂದ ಒಂದು ಚಿತ್ರ ತೆಗೆದು, ಕಸಬರಿಗೆಗೆ ಸಿಗದಷ್ಟು ದೂರದಿಂದಲೇ ಹಿಡಿದರು. ಸೊಂಟದೆತ್ತರದ ಹಕ್ಕಿ. ಕಂದು ಬೆನ್ನು, ಬಿಳಿ ಕೊರಳು, ನೆತ್ತಿಯ ಮೇಲೆ ಕರಿ ಟೊಪ್ಪಿಗೆ.

"ಏ, ಇದು ಎರ್ಲಡ್ಡ ಅಲ್ಲೇನಲೇ!" ಎಂದಳು ಮಾರೆವ್ವ. ಕಸಬರಿಗೆ ತಾನಾಗಿ ಕೆಳಗಿಳಿಯಿತು.

"ಹೌದ್ರಿ. ಕೆಲವು ಕಡೆ ಇದಕ್ಕ ಎರಿಭೂತ ಅಂತಾರ್ರಿ. ಎರಿ ಹೊಲದಾಗ ಎದ್ದು ನಿಂತ್ರ ಭೂತದಂಗ ಕಾಣಸತೈತಿ ಅಂತ."

ಮಾರೆವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಂದ್ರ ಮಾಸ್ತರ, ನಮ್ಮ ಮಾವ ನಿಜಾಮನ ಕಾಲದಾಗ ಬೇಟಿ ಆಡಿ ತರತಿದ್ದದ್ದು ಭೂತಾನ? ನಾ ಎರಡು ಸಲ ಉಂಡೇನೆಲ್ಲಪ್ಪೋ! ಖಾರ ಹಾಕಿ!"

"ಅದಕ್ಕ ಅತ್ತಿಗೆ ಯಾ ಭೂತಾನೂ ಬಡಿಯಂಗಿಲ್ಲ," ಎಂದಳು ಜುಬೇದಾಬೀ ಗೋಡೆಯ ಮೇಲಿಂದ. "ಉಂಡ ಭೂತಾನ ಹೊರಗಿನದನ್ನ ಒಳಗ ಬಿಡಂಗಿಲ್ಲ."

ಮಾಸ್ತರರು ಕಟ್ಟೆಯ ಮೇಲೆ ಕೂತು ತಮ್ಮ ಕೆಲಸ ಹೇಳಿದರು. ಈ ಹಕ್ಕಿ ವರ್ಷಕ್ಕೆ ಒಂದೇ ತತ್ತಿ ಇಡುತ್ತದೆ, ಅದೂ ಬಯಲು ನೆಲದ ಮೇಲೆ. ಎತ್ತಿನ ಗೊರಸು ತಾಗಿದರೆ ಆ ವರ್ಷ ಮುಗಿಯಿತು. ಒಂದು ಕಾಲಕ್ಕೆ ಹಿಂಡು ಹಿಂಡಾಗಿ ಇತ್ತು. ಈಗ ಎಲ್ಲಿ ಉಳಿದಿದೆ, ಎಲ್ಲಿ ಅಳಿದಿದೆ, ಎಲ್ಲಿ ಅಳಿವಿನ ಅಂಚಿಗೆ ಬಂದಿದೆ ಎಂದು ಊರೂರು ತಿರುಗಿ ನೋಡುವುದೇ ಅವರ ಕೆಲಸ. ಒಂದೊಂದು ಊರಿಗೂ ಮೂರರಲ್ಲಿ ಒಂದು ಮಾತು ಹೇಳಬೇಕು: ಐತಿ, ಇಲ್ಲ, ಗೊತ್ತಿಲ್ಲ.

"ಕುಷ್ಟಗಿ ಕಡೆ ಭಾಳ ಊರಾಗ ಇಲ್ಲ ಅಂದ್ರು. ನಿಮ್ಮೂರಾಗ ಕಡೀಕ ಯಾರು ನೋಡ್ಯಾರ್ರಿ?"

ಮಾರೆವ್ವ ನೆನೆಸಿ ನೋಡಿದಳು. ಜುಬೇದಾಬೀ ನೆನೆಸಿ ನೋಡಿದಳು. ಮಗ ಕೂಸಿದ್ದಾಗ ಒಮ್ಮೆ, ಹೆಸರು ಬಿಡಿಸುವಾಗ ಒಮ್ಮೆ... ಈಚೆಗೆ? ಯಾರಿಗೂ ನೆನಪಾಗಲಿಲ್ಲ. ಮಾಸ್ತರರ ಮುಖ ಬಾಡಿತು.

ಆಗ ಒಳಬಾಗಿಲ ಸಂದಿಯಿಂದ ಹುಲಗೆಮ್ಮ ಮೆಲ್ಲಗೆ ಕೇಳಿದಳು: "ಅದು ದನಿ ಮಾಡತೈತೇನ್ರಿ?"

"ಎರ್ಲಡ್ಡಕ್ಕ ಎಲ್ಲೀ ದನಿಬೇ? ಅದು ಮೂಕ ಹಕ್ಕಿ" ಎಂದಳು ಮಾರೆವ್ವ.

"ಇಲ್ರಿ, ಮುಂಗಾರಿನಾಗ ಗಂಡು ಹಕ್ಕಿ ಕೂಗತೈತಿ. ಕೊರಳಾಗಿನ ಚೀಲ ಉಬ್ಬಿಸಿ, ನಸುಕಿನಾಗ, ಸಂಜೀ ಮುಂದ. ದೂರ ದೂರ ಕೇಳಸತೈತಂತ. ನಾನೂ ಕೇಳಿಲ್ಲ, ರಾಣೆಬೆನ್ನೂರು ಕಡೆ ಕುರಿಯವರು ಮಾಡಿ ತೋರಿಸ್ಯಾರ." ಮಾಸ್ತರರು ಸುತ್ತ ನೋಡಿ, ನಾಚಿಕೊಂಡು, ಗಂಟಲು ಸರಿಮಾಡಿ, ಹೊಟ್ಟೆಯಿಂದ ಅಂದರು: "ಹೂಂ."

ಒಳಗೆ ತಟ್ಟೆ ಬಿದ್ದ ಸದ್ದಾಯಿತು. ಹುಲಗೆಮ್ಮ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತಿದ್ದಳು. ಅತ್ತೆ ಬೂದಿ ತರಲು ಓಡಿದಳು. ಹುಲಗೆಮ್ಮ ಬೇಡವೆಂದು ಕೈ ಆಡಿಸಿದಳು. ಆಕೆ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುತ್ತಿರಲಿಲ್ಲ. "ಹೋದ ಮುಂಗಾರಿನಾಗೂ ಕೇಳೀನ್ರಿ. ಪಡುವಣ ಗಾಳಿ ಇದ್ದಾಗ ಪ್ರತಿ ವರ್ಷ ಕೇಳೀನ್ರಿ."

"ಆಕೀ ಮಾತು ಹಿಡೀಬ್ಯಾಡಪ್ಪ," ಎಂದಳು ಮಾರೆವ್ವ. "ಬಡಕೊಂಡಾಕಿಗೆ ಏನರ ಕೇಳಸತಾವು. ಹಕ್ಕಿ ಹೂಂ ಅಂತೈತಂತ! ಹಂಗಾದ್ರ ಕಾಗಿ ಏನ್ರೀ ಅನ್ನಬೇಕಾಗಿತ್ತು."

ಮಾಸ್ತರರು ಇಬ್ಬರನ್ನೂ ನೋಡಿದರು. "ನಿಮ್ಮೂರಿಗೆ ಗೊತ್ತಿಲ್ಲ ಅಂತ ಇಡತೀನಿ. ಆರಿದ್ರಿ ಮಳೀಗೆ ಮತ್ತ ಬರತೀನ್ರಿ" ಎಂದು ಹೊರಟರು.

ಆ ಚಳಿಗಾಲ, ಆ ಬೇಸಿಗೆ ಹುಲಗೆಮ್ಮ ಕಳೆದ ರೀತಿಯನ್ನು ಏನೆಂದು ಹೇಳುವುದು! ಅಲ್ಲಿಯವರೆಗೆ ಆ ದನಿ ತೊಲಗಲಿ ಎಂದು ದೀಪ ಹಚ್ಚುತ್ತಿದ್ದವಳು ಈಗ ಅದು ತೊಲಗದಿರಲಿ ಎಂದು ಹಚ್ಚತೊಡಗಿದಳು. ಹಕ್ಕಿ ಬದುಕಿದ್ದರೆ ತಾನು ಸುಮ್ಮನೆ ಕಿವಿ ಚುರುಕಾದ ಹೆಂಗಸು. ಹಕ್ಕಿ ಸತ್ತಿದ್ದರೆ ಸಾಯುವ ತನಕ ಭೂತ ಬಡಿದವಳು. ಮೊದಮೊದಲು ಈ ಚಿಂತೆ ತನ್ನ ಸಲುವಾಗಿ ಇತ್ತು. ಬರಬರುತ್ತ ಆ ಒಂದು ತತ್ತಿಯ ಚಿಂತೆಯೂ ಸೇರಿಕೊಂಡಿತು. ವರ್ಷಕ್ಕೆ ಒಂದು! ಜುಬೇದಾಬೀಯ ಮುದಿ ಕೋಳಿ ಕೂಡ ಇದಕ್ಕಿಂತ ವಾಸಿ. ಇಷ್ಟು ದೊಡ್ಡ ಬಯಲು, ಇಷ್ಟೊಂದು ಗೊರಸು, ನಡುವೆ ಆ ಒಂದು ತತ್ತಿ.

ರೋಹಿಣಿ ಮಳೆಗೆ ಮೊದಲು ದ್ಯಾವಪ್ಪ ಹಾಳೂರು ಹೊಲ ಹರಗಿ ಬಂದ. ಗಾಯರಾಣಕ್ಕೆ ಹತ್ತಿದ ಒಂದು ಮೂಲೆ ಮಾತ್ರ ಹಾಗೇ ಹುಲ್ಲು ನಿಂತಿತ್ತು. ಕುಂಟೆ ತಾಗಿಸಿರಲಿಲ್ಲ. ಜುಬೇದಾಬೀ ನೋಡಿ ಬಂದು ಹೇಳಿದಳು. "ಆ ಮೂಲಿ ಯಾಕ ಬಿಟ್ಟೀರಿ? ಹಕ್ಕಿ ಸಲುವಾಗೇನು?" ಎಂದು ಹುಲಗೆಮ್ಮ ಕೇಳಿದರೆ ಅವನು "ಹೂಂ" ಎಂದ. ಆಕೆ ತೋಳು ಮುಟ್ಟಿ ನೋಡಿದಳು. ಆ ದಿನ ಕೈ ಬೇಗ ತೆಗೆಯಲಿಲ್ಲ.

ರೋಹಿಣಿ ಹೋಯಿತು. ಮಿರಗ ಹೋಯಿತು. ದಿನಾ ನಸುಕಿನಲ್ಲಿ ಆಕೆ ಕಸಬರಿಗೆ ಹಿಡಿದು ಅಂಗಳದಲ್ಲಿ ಗುಡಿಸದೆ ನಿಲ್ಲುತ್ತಿದ್ದಳು. ಪಡುವಣ ಗಾಳಿ ಬಂತು, ಗಾಳಿಯಲ್ಲಿ ಏನೂ ಬರಲಿಲ್ಲ.

ಆರಿದ್ರಿಗೆ ಮಾಸ್ತರರು ಮಾತು ತಪ್ಪದೆ ಬಂದರು. ಶಾಲೆಯ ಪಡಸಾಲೆಯಲ್ಲಿ ಮಲಗಿ, ಬೆಳಗು ಬೈಗು ಗಾಯರಾಣದಲ್ಲಿ ದುರ್ಬೀನು ಹಚ್ಚಿ ಕೂತರು. ತಿತ್ತಿರಿ ಕೂಗಿತು, ಗೌಜುಗ ಕೂಗಿತು, ದನ ಕಾಯುವವರು ಕೂಗಿದರು. ಕೂಗಬೇಕಾದದ್ದು ಕೂಗಲಿಲ್ಲ.

"ಮಾಸ್ತರ, ನಿಮ್ಮ ಭೂತಾನೂ ರಜಾ ಹಾಕೇತೇನು?" ಎಂದು ಜುಬೇದಾಬೀ ಚೇಷ್ಟೆ ಮಾಡಿದಳು. ಮಾರೆವ್ವ ಮಾತ್ರ ಗೆದ್ದವಳ ಹಾಗೆ ಓಡಾಡಿದಳು. "ನಾ ಹೇಳಿದ್ನಿಲ್ಲೋ? ಹೋದ ಅಮಾಸಿಗೆ ಗಟ್ಟಿ ನಿಂಬಿಹಣ್ಣು ಇಳಿಸೀನಿ. ಬಿಟ್ಟು ಹೋಗೇತಿ."

ಮಾಸ್ತರರ ರಜೆ ತೀರಿತು. ಹೊರಡುವ ಮುನ್ನಾ ದಿನ ಸಂಜೆ ಕಟ್ಟೆಯ ಮೇಲೆ ಕೂತು, ಹುಲಗೆಮ್ಮ ಕೊಟ್ಟ ಚಹವನ್ನು ಕುಡಿಯದೆ ತಿರುಗಿಸುತ್ತಿದ್ದರು.

"ಏನಂತ ಹೇಳತೀರ್ರಿ ಈಗ?" ಎಂದಳು ಆಕೆ.

"ಇಲ್ಲ ಅಂತ ಹೇಳಬೇಕಾಗತೈತೇನೋ ಯವ್ವ. ಆದ್ರ ಇಲ್ಲ ಅನ್ನೂದು ಭಾಳ ವಜ್ಜಾ ಮಾತು. ಒಮ್ಮೆ ಇಲ್ಲ ಅಂದ್ರ ಮತ್ತ ಯಾರೂ ಹುಡುಕಾಕ ಬರಂಗಿಲ್ಲ. ಗಾಯರಾಣ ಉತ್ತರೂ ಯಾರೂ ಕೇಳಂಗಿಲ್ಲ. ಒಂದೋ ಎರಡೋ ಎಲ್ಲೋ ಉಳದಿದ್ರ, ಜೀವಂತ ಇದ್ದಾಗನ ಮಣ್ಣು ಮಾಡಿದಂಗ."

"ನನಗೂ ಹಂಗ ಆಗತೈತ್ರಿ," ಎಂದಳು ಹುಲಗೆಮ್ಮ. "ಅದು ಇಲ್ಲಂದ್ರ ನನಗ ಬಡದದ್ದು ಭೂತಾನ ಅಂತಾತು."

 ಮಾಸ್ತರರು ತಣ್ಣಗಾದ ಚಹವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ಮರುದಿನ ಮುಗಿಲು ಕೆಂಪೇರುವ ಮೊದಲೇ ಹುಲಗೆಮ್ಮ ಕಸಬರಿಗೆ ಮೂಲೆಗಿಟ್ಟು ಹೊಸಿಲು ದಾಟಿದಳು. ಓಣಿ ದಾಟಿ, ಊರ ಅಂಚು ದಾಟಿ, ಮದುವೆಯಾದ ವರ್ಷ ಓಡಿ ಬಂದ ಅದೇ ದಾರಿ ಹಿಡಿದಳು. "ಏ ಹುಲಗೀ! ಎಲ್ಲಿ ಹೊಂಟಿ? ತಾಯತರ ಮುಟ್ಟಿಕೋತ ಹೋಗಬೇ!" ಎಂದು ಮಾರೆವ್ವ ಕೈಗೆ ಸಿಕ್ಕ ನಿಂಬೆಹಣ್ಣು ಹಿಡಿದು ಹಿಂದೆ ಬಂದಳು. ಅವಳ ಕೂಗಿಗೆ ಜುಬೇದಾಬೀ ಎದ್ದು ಬಂದಳು. ದ್ಯಾವಪ್ಪ ಬಂದ. ಬಸ್ಸಿಗೆ ಚೀಲ ಕಟ್ಟಿದ್ದ ಮಾಸ್ತರರು ಚೀಲ ಬಿಟ್ಟು ದುರ್ಬೀನು ಹಿಡಿದು ಬಂದರು.

ಹುಲಗೆಮ್ಮ ಅದೇ ಬದುವಿನ ಮೇಲೆ ನಿಂತಿದ್ದಳು. ಉಳಿದವರು ಹಿಂದೆ ಸಾಲಾಗಿ ನಿಂತರು. ಹುಲ್ಲಿನ ಮೇಲೆ ಇಬ್ಬನಿ. ಹಾಳು ಗೋಡೆಯ ಮೇಲೆ ಒಂದು ಕಾಗೆ. ಬೇರೇನೂ ಇಲ್ಲ.

ಏನು ಮಾಡಬೇಕೆಂದು ಆಕೆಗೂ ತಿಳಿಯಲಿಲ್ಲ. ಅಂದು ಮಾಡಿದ್ದನ್ನೇ ಮಾಡಿದಳು. ಅಂಗೈಯನ್ನು ಬಾಯಿಯ ಬದಿಗೆ ಹಿಡಿದು ಕೂಗಿದಳು: "ಏನ್ರೀ... ಅದೀರೇನು?"

"ಹೂಂ!"

ಎಲ್ಲರೂ ಒಮ್ಮೆಲೇ ಬೆಚ್ಚಿಬಿದ್ದರು. ಮಾರೆವ್ವನ ಕೈಯಿಂದ ನಿಂಬೆಹಣ್ಣು ಉರುಳಿತು. ಹಿಂದೆ ತಿರುಗಿ ನೋಡಿದರೆ ಓಗೊಟ್ಟವನು ದ್ಯಾವಪ್ಪ. ಹೆಂಡತಿ ಏನ್ರೀ ಅಂದಳು, ರೂಢಿಯಂತೆ ಹೂಂ ಅಂದಿದ್ದ.

"ನಿನ್ನನ್ನ ಯಾರು ಕರದ್ರೋ ಮಾರಾಯ!" ಎಂದು ಜುಬೇದಾಬೀ ಎದೆ ಹಿಡಿದುಕೊಂಡು ಬೈದಳು. "ಹತ್ತು ವರ್ಷಕ್ಕ ಒಮ್ಮೆ ಬಾಯಿ ಬಿಡತಿ, ಅದೂ ಇಂಥಾ ಹೊತ್ತಿನ್ಯಾಗ!"

ಪಾಪ, ಅವನು ತಲೆ ತಗ್ಗಿಸಿದ. ಹುಲಗೆಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಮಾಸ್ತರರೂ ನಕ್ಕರು. ಆ ನಗು ಇನ್ನೂ ಪೂರ್ತಿ ನಿಂತಿರಲಿಲ್ಲ.

"ಹೂಂ."

ಈ ಸಲ ಯಾರೂ ದ್ಯಾವಪ್ಪನ ಕಡೆ ನೋಡಲಿಲ್ಲ. ಅದು ಎದುರಿನಿಂದ ಬಂದಿತ್ತು. ಮಡಕೆಯ ಬಾಯಿಗೆ ಬಾಯಿಟ್ಟು ಅಂದ ಹಾಗೆ, ನೆಲದೊಳಗಿಂದ ಎದ್ದ ಹಾಗೆ. ಅವನು ಕುಂಟೆ ತಾಗಿಸದೆ ಬಿಟ್ಟಿದ್ದನಲ್ಲ, ಆ ಮೂಲೆಯ ಆಚೆ, ಹುಲ್ಲು ಸರಿಯಿತು. ಬಿಳಿದಾದ ಏನೋ ಎದ್ದು ನಿಂತಿತು. ಕೊರಳಿನ ಚೀಲ ಉಬ್ಬಿ ಮೊಣಕಾಲವರೆಗೂ ಜೋಲುತ್ತಿತ್ತು, ಬಾಲ ಬೆನ್ನ ಮೇಲೆ ಮಡಚಿತ್ತು. ಮದುವಣಿಗನೊಬ್ಬ ತಲೆಗೆ ಹೊಸ ಪಟಗಾ ಸುತ್ತಿ ಯಾರಾದರೂ ನೋಡಲಿ ಎಂದು ನಿಂತಂತಿತ್ತು.

"ಹೂಂ," ಎಂದಿತು ಮತ್ತೆ.

ಮಾಸ್ತರರು ದುರ್ಬೀನು ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಕಡೆಗೆ ಅದನ್ನು ಮಾರೆವ್ವನ ಕೈಗೆ ಕೊಟ್ಟು ಹಸಿ ಮಣ್ಣಿನಲ್ಲೇ ಕೂತುಬಿಟ್ಟರು. ಮಾರೆವ್ವ ದುರ್ಬೀನನ್ನು ಹಿಂದು ಮುಂದಾಗಿ ಹಿಡಿದು, "ಎಲ್ಲೋ, ಗುಬ್ಬಿಯಷ್ಟು ಕಾಣತೈತಲ್ಲೋ" ಎಂದು, ಸರಿಮಾಡಿ ಕೊಟ್ಟ ಮೇಲೆ ಬಹಳ ಹೊತ್ತು ನೋಡಿದಳು. ಆ ಹೊತ್ತಿನಲ್ಲಿ ಹಕ್ಕಿ ಇನ್ನೊಮ್ಮೆ ಅಂದಿತು. ಆಕೆ ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ.

"ಇದರ ಮನಿ ಹಾಳಾಗ, ಥೇಟ್ ನನ್ನ ಮಗನಂಗ ಅಂತೈತಲ್ಲಬೇ!" ಎಂದಳು. ದುರ್ಬೀನು ಇಳಿಸಿ ಸೊಸೆಯ ಕಡೆ ನೋಡಿದಳು.   ಹತ್ತಿರ ಬಂದು ಹುಲಗೆಮ್ಮನ ಎಡತೋಳಿನ ತಾಯತದ ಗಂಟನ್ನು ಹಲ್ಲಿನಿಂದ ಬಿಚ್ಚತೊಡಗಿದಳು. "ಸಾಕು ಇದು. ಆ ಕೊಂಬು ಸೊಟ್ಟ ಎತ್ತಿಗೆ ಕಟ್ಟೂಣು, ಅದಕ್ಕರ ದೃಷ್ಟಿ ಆಗತೈತಿ."

"ನಮ್ಮದು ಇರಲಿ ಬಿಡ್ರಿ," ಎಂದಳು ಜುಬೇದಾಬೀ. "ಬೆಳ್ಳೀದು ಐತಿ, ಕೈಗೆ ಒಪ್ಪತೈತಿ."

ಆಗ ಮಾಸ್ತರರು ಶ್ ಎಂದರು. ಗಂಡಿನಿಂದ ತುಸು ದೂರದಲ್ಲಿ ಇನ್ನೊಂದು ತಲೆ ಹುಲ್ಲಿನಿಂದ ಮೇಲೆದ್ದಿತು. ಸಣ್ಣದು, ಸದ್ದಿಲ್ಲದ್ದು. ಹೆಣ್ಣು. ಅದು ಸುತ್ತ ನೋಡಿತು, ಕೂಗುವವನ ಕಡೆ ಮಾತ್ರ ನೋಡಲಿಲ್ಲ, ಏನೂ ಆಗಿಲ್ಲವೆಂಬಂತೆ ಹುಳ ಹೆಕ್ಕತೊಡಗಿತು.

"ಎರಡು ಅದಾವ," ಎಂದರು ಮಾಸ್ತರರು. ಅವರ ಕಣ್ಣು ಒದ್ದೆಯಾಗಿತ್ತು. "ಎರಡರಿಂದ ಭಾಳ ಏನೂ ಆಗಂಗಿಲ್ರಿ. ನಾಳೆ ಏನಾಗತೈತೋ ನಾ ಹೇಳಲಾರೆ. ಆದ್ರ ಇವತ್ತಿಗೆ ಐತಿ. ಐತಿ ಅಂತನ ಹೇಳತೀನಿ."

ಬೆಳಗಿನ ಬಸ್ಸು ಅವರನ್ನು ಬಿಟ್ಟು ಹೋಗಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ. ಆ ದಿನ ದ್ಯಾವಪ್ಪನ ಮನೆಯಲ್ಲೇ ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡರು. ಎರ್ಲಡ್ಡದ ಸಾರು ಹೇಗಿರುತ್ತಿತ್ತೆಂದು ಮಾರೆವ್ವ ಹೇಳಲು ಹೊರಟಾಗ ಜುಬೇದಾಬೀ ಅವಳ ಬಾಯಿಗೆ ಬೆಲ್ಲ ತುರುಕಿದಳು.

ಅದಾದ ಮೇಲೆ ಬಾಣಂತಿಯರ ಮನೆಯ ಬಾಗಿಲುಗಳು ಹುಲಗೆಮ್ಮನಿಗೆ ಪೂರ್ತಿ ತೆರೆದವು. ಹಾಳೂರು ಹೊಲದಲ್ಲಿ ಹೆಸರು ಬಿಡಿಸುವ ಆಳುಗಳ ಮುಂದೆ ಆಕೆಯೇ ಸಾಲು ಹಿಡಿಯುತ್ತಿದ್ದಳು. ದನ ಕಾಯುವವರಿಗೆ ಮುಂಗಾರಿನಲ್ಲಿ ಆ ಮೂಲೆಯ ಕಡೆ ದನ ಬಿಡಬೇಡಿರೆಂದು ತಾಕೀತು ಮಾಡುತ್ತಿದ್ದಳು. ಬಿಟ್ಟವರಿಗೆ ಬೈಗುಳ, ಬಿಡದವರಿಗೆ ಮಜ್ಜಿಗೆ. ಮಾಸ್ತರರು ಪ್ರತಿ ಆರಿದ್ರಿಗೆ ಬರುತ್ತಿದ್ದರು. ಬರಲಾಗದ ವರ್ಷ ಯಾರಾದರೂ ಧಾರವಾಡಕ್ಕೆ ಹೋಗುವವರ ಕೈಯಲ್ಲಿ ಆಕೆ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು: "ಹೂಂ ಅಂತ ಹೇಳ್ರಿ. ಅವರಿಗೆ ತಿಳೀತೈತಿ."

ಓಣಿಯ ಹೆಂಗಸರ ಚೇಷ್ಟೆ ಮಾತ್ರ ನಿಲ್ಲಲಿಲ್ಲ. ಈಗ ಎದುರಿಗೇ ಕೇಳುತ್ತಿದ್ದರು. "ಏನ ಹುಲಗಕ್ಕ, ಈ ವರ್ಷ ನಿನ್ನ ಎರಡನೇ ಗಂಡ ಬಂದಾನೇನು?"

"ಬಂದಾನಬೇ," ಎನ್ನುತ್ತಿದ್ದಳು ಆಕೆ. "ಹೇಣ್ತೀನೂ ಕರಕೊಂಡು ಬಂದಾನ. ಅದಕ್ಕ ನಾ ಮನಿಯಾಂವನನ್ನ ಇಟ್ಕೊಂಡೀನಿ."

ಒಳಗೆ ರೊಟ್ಟಿ ಮುರಿಯುತ್ತಿದ್ದ ಮನೆಯವನು ಹೂಂ ಎನ್ನುತ್ತಿದ್ದ. ಆಕೆ ಅವನನ್ನು ಮುಟ್ಟಿ ನೋಡದೆ, ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.